ಮೊದಲೇ ದುಡ್ಡು ಕೊಟ್ಟ ಊಟ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮಕ್ಕಳನ್ನೂ ಕರ್ಕೊಂಡು ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೀವಿ. ಡೈನಿಂಗ್ ಪ್ಲಾನ್ ತಗೋಬೇಕಾ, ಬೇಡ್ವಾ?” ಉತ್ತರಗಳೂ ಅಷ್ಟೇ ಬೇಗ ಬರುತ್ತವೆ. ತಗೊಳ್ಳಿ, ತಲೆನೋವೇ ಇರಲ್ಲ ಅಂತ ಒಬ್ಬರು. ದುಡ್ಡು ದಂಡ ಅಂತ ಇನ್ನೊಬ್ಬರು. ತಮ್ಮ ತಮ್ಮ ಮನೆಯ ಮಟ್ಟಿಗೆ ಇಬ್ಬರೂ ಸರಿಯೇ. ಜೊತೆಗೆ ಯಾರು ಬರುತ್ತಿದ್ದಾರೆ, ಅವರು ಏನು ತಿನ್ನುತ್ತಾರೆ ಅನ್ನೋದನ್ನು ಕೇಳದೆ ಇದಕ್ಕೆ ಉತ್ತರ ಹೇಳುವುದು ಕಷ್ಟ. ನಮ್ಮಂಥ ಸಸ್ಯಾಹಾರಿ ಮನೆಗೆ ಲೆಕ್ಕದಲ್ಲಿ ಇದು ನಷ್ಟವೇ. ಆದರೆ ಅದರೊಳಗೆ ಒಂದು ಒಳ್ಳೆಯದೂ ಇದೆ, ಅದನ್ನು ಕಳೆದುಕೊಳ್ಳಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಫ್ಲಾರಿಡಾದ ಆರ್ಲ್ಯಾಂಡೊ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡ್ ಶುರುವಾದದ್ದು 1971ರ ಅಕ್ಟೋಬರ್ 1ರಂದು. ಈಗ ಅಲ್ಲಿ ನಾಲ್ಕು ಥೀಮ್ ಪಾರ್ಕ್‌ಗಳಿವೆ, ಎರಡು ವಾಟರ್ ಪಾರ್ಕ್‌ಗಳಿವೆ, ಡಿಸ್ನಿಯದ್ದೇ ಹತ್ತಾರು ಹೋಟೆಲುಗಳಿವೆ. ಡೈನಿಂಗ್ ಪ್ಲಾನ್ ಅಂದರೆ ಊಟದ ದುಡ್ಡನ್ನು ಮೊದಲೇ ಕಟ್ಟಿಬಿಡುವ ವ್ಯವಸ್ಥೆ, ಸಾಮಾನ್ಯವಾಗಿ ಆ ಹೋಟೆಲುಗಳಲ್ಲಿ ಪ್ಯಾಕೇಜ್ ಮಾಡಿಕೊಂಡು ಉಳಿಯುವವರು ಕೊಳ್ಳುವಂಥದ್ದು. ಈಗಿನ ರೂಪದಲ್ಲಿ ಇದು ಬಂದದ್ದು 2005ರಲ್ಲಿ. ಕೋವಿಡ್ ಕಾಲದಲ್ಲಿ, 2020ರಲ್ಲಿ, ನಿಂತುಹೋಯಿತು. 2024ರ ಜನವರಿ 9ರಿಂದ ಮತ್ತೆ ಶುರುವಾಯಿತು.

ಈಗ ಇರುವುದು ಎರಡು ಬಗೆ. ಕ್ವಿಕ್ ಸರ್ವಿಸ್ ಪ್ಲಾನಿನಲ್ಲಿ ಒಬ್ಬರಿಗೆ, ಒಂದು ರಾತ್ರಿಯ ವಾಸಕ್ಕೆ, ಕೌಂಟರಿನಲ್ಲಿ ತಗೊಂಡು ತಿನ್ನುವ ಎರಡು ಊಟ, ಒಂದು ತಿಂಡಿ. ದೊಡ್ಡ ಪ್ಲಾನಿನಲ್ಲಿ ಕೌಂಟರಿನ ಒಂದು ಊಟ, ಟೇಬಲ್ಲಿಗೆ ಬಡಿಸುವ ಒಂದು ಊಟ, ಒಂದು ತಿಂಡಿ. ಎರಡರಲ್ಲೂ ಒಂದು ದೊಡ್ಡ ಮಗ್ ಕೊಡುತ್ತಾರೆ. ಹೋಟೆಲಿನಲ್ಲಿ ಕಾಫಿ, ಕೂಲ್ ಡ್ರಿಂಕ್ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದು. ಪಾರ್ಕಿನೊಳಗೆ ಅದು ನಡೆಯುವುದಿಲ್ಲ. 2024ರಲ್ಲಿ ದೊಡ್ಡವರಿಗೆ ಮೊದಲನೆಯದು 57.01 ಡಾಲರ್, ಎರಡನೆಯದು 94.28. ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ 23.83 ಮತ್ತು 29.69. ಎಲ್ಲವೂ ಒಂದು ರಾತ್ರಿಯ ದರ, ತೆರಿಗೆಯೂ ಸೇರಿ. ಊಟದ ಲೆಕ್ಕವನ್ನು ಅವರು ಇಡುವುದು ಕ್ರೆಡಿಟ್‌ಗಳಲ್ಲಿ. ದೊಡ್ಡ ಪ್ಲಾನಿನಲ್ಲಿ ಐದು ರಾತ್ರಿ ಉಳಿದರೆ ಒಬ್ಬರಿಗೆ ಐದು ಟೇಬಲ್ ಊಟ, ಐದು ಕೌಂಟರ್ ಊಟ. ಅವನ್ನು ಯಾವತ್ತು ಬೇಕಾದರೂ ಬಳಸಬಹುದು. ಹೋಟೆಲು ಬಿಡುವ ದಿನದ ನಡುರಾತ್ರಿಗೆ ಉಳಿದದ್ದೆಲ್ಲ ಮುಗಿದಂತೆ. ವಾಪಸ್ ದುಡ್ಡಿಲ್ಲ.

ಇನ್ನೊಂದು ನಿಯಮ ಇದೆ, ಎಲ್ಲಕ್ಕಿಂತ ಮುಖ್ಯವಾದದ್ದು. ಒಂದೇ ಬುಕಿಂಗಿನಲ್ಲಿರುವ ಮೂರು ವರ್ಷ ದಾಟಿದ ಎಲ್ಲರೂ ಒಂದೇ ಪ್ಲಾನ್ ತಗೊಳ್ಳಬೇಕು. ಅಪ್ಪ ಅಮ್ಮನಿಗೆ ಮಾತ್ರ ಸಾಕು, ನಮಗೆ ಬೇಡ ಅನ್ನುವಂತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಟೇಬಲ್ ಊಟದ ಕ್ರೆಡಿಟ್‌ನಲ್ಲಿ ಒಂದು ಮುಖ್ಯ ಐಟಂ, ಒಂದು ಡೆಸರ್ಟ್, ಒಂದು ಪಾನೀಯ ಸಿಗುತ್ತದೆ. 21 ದಾಟಿದವರಿಗೆ 2018ರಿಂದ ಬಿಯರ್, ವೈನ್, ಕಾಕ್‌ಟೇಲ್ ಕೂಡ ಆ ಪಾನೀಯದಲ್ಲಿ ಸೇರಿದೆ. ಪ್ಲಾನಿನ ಬೆಲೆ ಕಟ್ಟಿರುವುದು ಹಾಗೆ ತಿಂದು ಕುಡಿಯುವವರನ್ನು ಲೆಕ್ಕಕ್ಕೆ ಹಿಡಿದು. ಸ್ಟೇಕ್ ತಿಂದು ಒಂದು ಕಾಕ್‌ಟೇಲ್ ಕುಡಿದು ಕೇಕ್ ತಿಂದರೆ ಅದೊಂದೇ ಊಟ 65 ಡಾಲರ್ ದಾಟುತ್ತದೆ. ಮಧ್ಯಾಹ್ನದ ಬರ್ಗರಿನ ಜೊತೆ ಒಂದು ಬಿಯರ್ ಸೇರಿಸಿದರೆ ಇನ್ನೊಂದು ಇಪ್ಪತ್ತೈದು. ಸಂಜೆ ಒಂದು ಐಸ್‌ಕ್ರೀಮ್. ಅವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಮೇಲೆ ನಾಲ್ಕು ಕಾಸು ಉಳಿಯಲೂಬಹುದು.

ನಮ್ಮ ಮನೆಯವರ ತಟ್ಟೆ ನೋಡಿ. ಮಧ್ಯಾಹ್ನ ಅನ್ನ ತರಕಾರಿ ಇರುವ ಒಂದು ಬೌಲ್, ಹೆಚ್ಚುಕಮ್ಮಿ 15 ಡಾಲರ್. ಕುಡಿಯೋಕೆ ನೀರು. ಕೌಂಟರುಗಳಲ್ಲಿ ಐಸ್ ನೀರು ಕೇಳಿದರೆ ಪುಕ್ಕಟೆ ಕೊಡುತ್ತಾರೆ. ರಾತ್ರಿ ಟೇಬಲ್ಲಿನಲ್ಲಿ ಪಾಸ್ತಾ ಅಥವಾ ಪನೀರಿನದ್ದು ಏನಾದರೂ, 25ರಿಂದ 28. ಡೆಸರ್ಟ್ ಒಂದು ತಗೊಂಡು ಇಬ್ಬರು ಹಂಚಿಕೊಳ್ಳುತ್ತೇವೆ. ಪ್ಲಾನ್ ಕೊಡುವ ಜ್ಯೂಸು, ಡೆಸರ್ಟು, ತಿಂಡಿ ಎಲ್ಲವನ್ನೂ ಒಂದನ್ನೂ ಬಿಡದೆ ತಗೊಂಡೆವು ಅಂತಲೇ ಇಟ್ಟುಕೊಳ್ಳಿ. ಮಗ್ಗಿನ ಬೆಲೆಯನ್ನೂ ದಿನಕ್ಕೆ ಹಂಚಿ ಸೇರಿಸಿ, ಅಲ್ಲಿನ ಆರೂವರೆ ಪರ್ಸೆಂಟ್ ತೆರಿಗೆಯನ್ನೂ ಸೇರಿಸಿ. ಆಗಲೂ ದಿನಕ್ಕೆ 75ರ ಆಸುಪಾಸಿಗೆ ನಿಲ್ಲುತ್ತದೆ. 2024ರ ದರದಲ್ಲಿ ಕೊಟ್ಟಿದ್ದು 94. ನಾಲ್ಕು ಜನ ದೊಡ್ಡವರು ಐದು ರಾತ್ರಿ ಇದ್ದರೆ ಮುನ್ನೂರೈವತ್ತು ಡಾಲರಿಗಿಂತ ಜಾಸ್ತಿ ಸುಮ್ನೆ ಹೋಯಿತು. ನಾವು ನಿಜವಾಗಿ ತಿನ್ನುವ ರೀತಿಯಲ್ಲಿ ತಿಂದರೆ ಇನ್ನೂ ಜಾಸ್ತಿ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಸನಾ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅಂತ ಡಿಸ್ನಿಯ ಒಂದು ಹೋಟೆಲಿದೆ. ಅದರ ಕಿಡಾನಿ ವಿಲೇಜ್ ಭಾಗದಲ್ಲಿ 2009ರಿಂದ ಈ ರೆಸ್ಟೋರೆಂಟ್ ಇದೆ. ಆಫ್ರಿಕದ ಅಡುಗೆಗೆ ಭಾರತದ ಮಸಾಲೆ ಸೇರಿದ ಊಟ. ಕಿಟಕಿ ಪಕ್ಕ ಕೂತರೆ ಹೊರಗೆ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ ಓಡಾಡುತ್ತಿರುತ್ತವೆ. ಅಲ್ಲಿನ ಬ್ರೆಡ್ ಸರ್ವಿಸ್ ಬಹಳ ಹೆಸರುವಾಸಿ. ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠ ಬಿಸಿಬಿಸಿಯಾಗಿ ಬರುತ್ತವೆ. ಅವುಗಳ ಜೊತೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಒಂಬತ್ತು ಬಗೆ. ಸೌತೆಕಾಯಿ ರಾಯತ, ಹುಣಸೆ ಚಟ್ನಿ, ಮಾವಿನ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ, ಟೊಮೆಟೊ ಖರ್ಜೂರದ ಜಾಮ್, ಹೀಗೆ. ಇಡೀ ಡಿಸ್ನಿ ವರ್ಲ್ಡ್‌ನಲ್ಲಿ ನಮ್ಮ ಅಮ್ಮ ಯಾವ ಪ್ರಶ್ನೆಯೂ ಇಲ್ಲದೆ ಕೈಯಿಂದ ಮುರಿದು ತಿಂದದ್ದು ಇದನ್ನೇ. ಉಪ್ಪಿನಕಾಯಿಯ ಬಟ್ಟಲನ್ನು ತನ್ನ ಕಡೆಗೆ ಎಳೆದಿಟ್ಟುಕೊಂಡಳು. “ಖಾರ ಇದೆ ಕಣೆ, ಪರವಾಗಿಲ್ಲ” ಅಂದಳು. ಅಮ್ಮನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆದರೆ ಬ್ರೆಡ್ ಸರ್ವಿಸ್ ಇರುವುದು ಅಪಟೈಜರ್ ಪಟ್ಟಿಯಲ್ಲಿ. ಪ್ಲಾನಿನ ಟೇಬಲ್ ಊಟದಲ್ಲಿ ಅಪಟೈಜರ್ ಸೇರಿಲ್ಲ. ಅಂದರೆ ನಮ್ಮವರಿಗೆ ಅಲ್ಲಿ ನಿಜವಾಗಿ ಬೇಕಾದ ಊಟಕ್ಕೆ ಬೇರೆ ದುಡ್ಡು ಕೊಡಬೇಕು. ಅದನ್ನು ತಿಂದು ಹೊಟ್ಟೆ ತುಂಬಿದ ಮೇಲೆ, ಕ್ರೆಡಿಟ್ ಹಾಳಾಗಬಾರದು ಅಂತ ಇನ್ನೊಂದು ಮುಖ್ಯ ಊಟವನ್ನೂ ಡೆಸರ್ಟನ್ನೂ ತರಿಸಬೇಕು. ಪ್ಲಾನ್ ಯಾರ ಊಟದ ಕ್ರಮಕ್ಕೆ ಹೊಂದುವಂತೆ ಮಾಡಿದ್ದು ಅನ್ನೋದು ಆ ಟೇಬಲ್ಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಮಕ್ಕಳ ವಿಷಯ ಪೂರ್ತಿ ಉಲ್ಟಾ. ಮಿಕ್ಕಿ, ಮಿನ್ನಿ ಬಂದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಬಫೆ ಊಟಗಳಿವೆಯಲ್ಲ, ಷೆಫ್ ಮಿಕ್ಕೀಸ್ ಥರದವು. ಅಲ್ಲಿ ಮಗುವಿನ ಒಂದು ಊಟಕ್ಕೇ 30 ಡಾಲರ್ ಮೀರುತ್ತದೆ. 2024ರಲ್ಲಿ ಪ್ಲಾನಿನಲ್ಲಿ ಮಗುವಿನ ಇಡೀ ದಿನದ ದರವೇ 30ರ ಒಳಗಿತ್ತು. ಅಂದರೆ ದಿನಕ್ಕೊಂದು ಕ್ಯಾರೆಕ್ಟರ್ ಊಟ ಇಟ್ಟುಕೊಂಡರೆ ಮಗುವಿನ ಮಟ್ಟಿಗೆ ಪ್ಲಾನ್ ಖಂಡಿತ ಲಾಭ. ದೊಡ್ಡವರಿಗೂ ಇಂಥ ಬಫೆಗಳಲ್ಲಿ ಒಂದೇ ಕ್ರೆಡಿಟ್ ಹೋಗುತ್ತದೆ, ಹಾಗಾಗಿ ಅವರ ನಷ್ಟವೂ ಕಮ್ಮಿಯಾಗುತ್ತದೆ. ಸಿಂಡರೆಲ್ಲಾಳ ಕೋಟೆಯೊಳಗಿನ ಊಟದಂಥ ಕೆಲವಕ್ಕೆ ಎರಡು ಕ್ರೆಡಿಟ್ ಕೊಡಬೇಕು.

ಮಗುವಿಗೆ ಹತ್ತು ತುಂಬಿದ ದಿನ ಚಿತ್ರ ಬದಲಾಗುತ್ತದೆ. ಹತ್ತು ವರ್ಷ ಅಂದರೆ ಡಿಸ್ನಿ ಲೆಕ್ಕದಲ್ಲಿ ದೊಡ್ಡವರು. ಅರ್ಧ ಪಿಜ್ಜಾ ತಿಂದು ಸಾಕು ಅನ್ನುವ ಹುಡುಗಿಗೆ, ಅವಳ ತಾತನಿಗೆ ಕೊಟ್ಟಷ್ಟೇ ದುಡ್ಡು. ನಾಲ್ಕನೇ ಐದನೇ ಕ್ಲಾಸಿನ ಮಕ್ಕಳಿರುವ ಮನೆಗಳಿಗೆ ನಾನು ಮೊದಲು ಹೇಳುವುದೇ ಇದನ್ನು.

ಇಷ್ಟೆಲ್ಲ ಹೇಳಿದ ಮೇಲೂ, ಪ್ಲಾನ್ ಕೆಟ್ಟದ್ದು ಅಂತ ನನಗೆ ಹೇಳೋಕೆ ಮನಸ್ಸಾಗುವುದಿಲ್ಲ. ಕಾರಣ ನಮ್ಮ ಅಪ್ಪ ಅಮ್ಮ.

ಊರಿಂದ ಬಂದ ಹಿರಿಯರನ್ನು ಇಲ್ಲಿ ಹೋಟೆಲಿಗೆ ಕರೆದುಕೊಂಡು ಹೋದವರಿಗೆಲ್ಲ ಇದು ಗೊತ್ತು. ಮೆನು ಕೈಗೆ ಬಂದ ತಕ್ಷಣ ಅವರ ಕಣ್ಣು ಬಲಗಡೆಯ ಬೆಲೆಗೆ ಹೋಗುತ್ತದೆ. ನಮ್ಮ ಅಪ್ಪ ಮೇಷ್ಟ್ರಾಗಿದ್ದವರು, ಬಾಯಿಲೆಕ್ಕದಲ್ಲಿ ಗಟ್ಟಿ. “ಒಂದು ಬಟ್ಟಲು ಅನ್ನಕ್ಕೆ ಹದಿನೈದು ಡಾಲರಾ? ಸಾವಿರದ ಇನ್ನೂರು ರೂಪಾಯಿ ಆಯ್ತಲ್ಲಮ್ಮಾ!” ಅಂತ ಅಲ್ಲೇ ಗುಣಿಸಿ ಹೇಳುತ್ತಾರೆ. ಅಮ್ಮ ಅದನ್ನು ಕೇಳಿಸಿಕೊಂಡು, “ನಂಗೆ ಹಸಿವೇ ಇಲ್ಲ ಕಣೆ. ನಿಮ್ಮದರಲ್ಲೇ ಒಂದ್ ತುತ್ತು ಕೊಟ್ರೆ ಸಾಕು” ಅನ್ನುತ್ತಾಳೆ. ಹಸಿವಿಲ್ಲದೆ ಏನು? ಬೆಳಗ್ಗಿಂದ ಫ್ಲಾರಿಡಾದ ಬಿಸಿಲಿನಲ್ಲಿ ನಡೆದು ನಡೆದು ಕಾಲು ಸೋತಿರುತ್ತದೆ. ಇಬ್ಬರೂ ಬಿ.ಪಿ. ಮಾತ್ರೆ ನುಂಗುವವರು. ನಾವು ಎಷ್ಟು ಹೇಳಿದರೂ, ನಾವೇ ಆರ್ಡರ್ ಮಾಡಿ ಮುಂದಿಟ್ಟರೂ, ಅಯ್ಯೋ ಇಷ್ಟೊಂದು ಯಾಕೆ ಅನ್ನುವ ಮಾತು ಊಟದ ಉದ್ದಕ್ಕೂ ಇರುತ್ತದೆ. ಮಕ್ಕಳ ದುಡ್ಡು ಖರ್ಚಾಗುತ್ತಿದೆ ಅನ್ನುವ ಸಂಕಟ ಅದು. ಜೀವನವಿಡೀ ಅಳೆದು ಸುರಿದು ಸಂಸಾರ ಮಾಡಿದವರು. ಅದನ್ನು ಬಿಡಿ ಅಂತ ಹೇಳೋಕೆ ನಾವು ಯಾರು?

ಪ್ಲಾನ್ ತಗೊಂಡು ಹೋದ ಸಲ ನಾನು ಮೊದಲೇ ಹೇಳಿದ್ದೆ. “ಅಪ್ಪಾ, ಊಟದ ದುಡ್ಡು ಆಗಲೇ ಕಟ್ಟಾಗಿದೆ. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ.” ಅಪ್ಪ ಒಂದು ನಿಮಿಷ ಯೋಚಿಸಿದರು. “ಹಾಗಾದ್ರೆ ವೇಸ್ಟ್ ಮಾಡಬಾರದು” ಅಂದರು. ಕನ್ನಡಕ ಸರಿ ಮಾಡಿಕೊಂಡು ಮೆನುವಿನ ಎಡಗಡೆ ಓದತೊಡಗಿದರು. ಇದರಲ್ಲಿ ಮೊಟ್ಟೆ ಇದೆಯಾ ಕೇಳಮ್ಮ, ಇದು ಯಾವ ಕಾಳು, ಅಂತ ವಿಚಾರಿಸಿದರು. ಅಮ್ಮ ತನಗೆ ಅಂತಲೇ ಒಂದು ತಟ್ಟೆ ತರಿಸಿಕೊಂಡಳು. ದಿನಾ ಸಂಜೆ ತಿಂಡಿಯ ಕ್ರೆಡಿಟ್‌ನಲ್ಲಿ ಡೋಲ್ ವಿಪ್ ಅನ್ನುವ ಅನಾನಸ್ ರುಚಿಯ ಐಸ್‌ಕ್ರೀಮ್ ಥರದ್ದನ್ನು ತಿಂದಳು, ಪೂರ್ತಿ ಒಂದು ಕಪ್, ಯಾರಿಗೂ ಕೊಡದೆ. ಇದರ ಬೆಲೆ ಎಷ್ಟು ಅಂತ ಕೇಳಲಿಲ್ಲ. ಆ ಸಲದ ಫೋಟೊಗಳಲ್ಲಿ ಇಬ್ಬರ ಮುಖದಲ್ಲೂ ಒಂದು ನಿರಾಳ ಕಾಣುತ್ತದೆ.

ಇದು ನಮ್ಮ ಹಿರಿಯರ ಮನಸ್ಸು ಮಾತ್ರ ಅಂದುಕೊಳ್ಳಬೇಡಿ. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೊವೆನ್‌ಸ್ಟೀನ್ ಅನ್ನುವ ಇಬ್ಬರು ವಿದ್ವಾಂಸರು 1998ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ವಾಷಿಂಗ್ ಮಷಿನ್ ಕೊಳ್ಳುವುದಾದರೆ ಕಂತು ಆಮೇಲೆ ಕಟ್ಟುತ್ತೀರಾ, ಮೊದಲೇ ಕಟ್ಟುತ್ತೀರಾ ಅಂತ ಜನರನ್ನು ಕೇಳಿದಾಗ ಜಾಸ್ತಿ ಜನ ಆಮೇಲೆ ಅಂದರು. ರಜೆಯ ಪ್ರವಾಸಕ್ಕೆ ಮಾತ್ರ ಮೊದಲೇ ಕಟ್ಟುತ್ತೇವೆ ಅಂದವರೇ ಜಾಸ್ತಿ. ದುಡ್ಡು ಕೊಡುವಾಗ ಆಗುವ ನೋವು ಮುಗಿದುಹೋಗಿದ್ದರೆ ಸುಖ ಪಡುವುದು ಸುಲಭ. ಅಪ್ಪ ಮೆನುವಿನ ಎಡಗಡೆ ಓದಿದ್ದು ಅದಕ್ಕೇ.

ಆದರೆ ಅದೇ ಗುಣ ಕೊನೆಯ ದಿನಗಳಲ್ಲಿ ತಿರುಗಿಬೀಳುತ್ತದೆ. ವೇಸ್ಟ್ ಮಾಡಬಾರದು ಅನ್ನುವ ಮಾತು ಮೊದಲ ದಿನ ಊಟ ಮಾಡಿಸುತ್ತದೆ, ನಾಲ್ಕನೇ ದಿನ ಹಸಿವಿಲ್ಲದಿದ್ದರೂ ತಿನ್ನಿಸುತ್ತದೆ. ಓಹಾಯೊ ವಿಶ್ವವಿದ್ಯಾಲಯದಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ನಡೆಸಿದ ಒಂದು ಪ್ರಯೋಗ 1985ರಲ್ಲಿ ಪ್ರಕಟವಾಯಿತು. ನಾಟಕದ ಸೀಸನ್ ಟಿಕೆಟ್ಟಿಗೆ ಪೂರ್ತಿ ದುಡ್ಡು ಕೊಟ್ಟವರು, ರಿಯಾಯಿತಿ ಸಿಕ್ಕವರಿಗಿಂತ ಜಾಸ್ತಿ ನಾಟಕಗಳಿಗೆ ಹೋದರು, ಅದೂ ಸೀಸನ್ನಿನ ಮೊದಲರ್ಧದಲ್ಲಿ. ನಾಟಕ ಎಲ್ಲರಿಗೂ ಒಂದೇ. ಕೊಟ್ಟ ದುಡ್ಡು ಜನರನ್ನು ಎಳೆದುಕೊಂಡು ಹೋಯಿತು. ಊಟದಲ್ಲಿ ಹೀಗಾದರೆ ಹೊಟ್ಟೆಯೇ ಅದನ್ನು ಅನುಭವಿಸಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ದಿನಾ ಒಂದು ಡೆಸರ್ಟ್ ಬಂದು ಮುಂದೆ ಕೂರುತ್ತದೆ. ಬದಲಿಗೆ ಹಣ್ಣು ಕೊಡ್ತೀರಾ ಅಂತ ಕೇಳಿ, ಹಲವು ಕಡೆ ಕೊಡುತ್ತಾರೆ.

ಅಷ್ಟು ತಿಂದರೂ ಕೆಲವು ಕ್ರೆಡಿಟ್ ಉಳಿದೇ ಉಳಿಯುತ್ತವೆ. ಡಿಸ್ನಿಯ ಪಾರ್ಕುಗಳಲ್ಲಿ ಇದು ಹಳೆಯ ಕಥೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದ ಕೆಲವೇ ತಿಂಗಳಲ್ಲಿ ಟಿಕೆಟ್ ಪುಸ್ತಕಗಳನ್ನು ತಂದರು. ಎ, ಬಿ, ಸಿ ಅಂತ ಕೂಪನ್ನುಗಳು. ಸಣ್ಣ ಆಟಕ್ಕೆ ಎ, ದೊಡ್ಡ ಆಟಕ್ಕೆ ಮುಂದಿನ ಅಕ್ಷರ. 1959ರಲ್ಲಿ ಇ ಬಂತು. ಎಲ್ಲರಿಗೂ ಬೇಕಾದದ್ದು ಇ ಕೂಪನ್ನು, ಮನೆಗೆ ತಗೊಂಡು ಹೋಗುತ್ತಿದ್ದದ್ದು ಉಳಿದ ಎ ಮತ್ತು ಬಿ. ಆ ಪದ್ಧತಿ 1982ರಲ್ಲಿ ನಿಂತಿತು. ಆ ಕೂಪನ್ನುಗಳನ್ನಾದರೂ ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದಿತ್ತು. ಊಟದ ಕ್ರೆಡಿಟ್ ಆ ನಡುರಾತ್ರಿ ದಾಟುವುದಿಲ್ಲ. ಹೋಟೆಲು ಬಿಡುವ ದಿನ ಅಂಗಡಿಗಳಲ್ಲಿ ಉಳಿದ ತಿಂಡಿ ಕ್ರೆಡಿಟ್‌ಗಳಿಗೆ ಕುಕ್ಕೀಸು, ಮಿಠಾಯಿ ಪ್ಯಾಕೆಟ್ ಕೊಂಡು ಚೀಲ ತುಂಬಿಸುವ ಮನೆಗಳನ್ನು ನೀವೂ ನೋಡುತ್ತೀರಿ.

ಟಿಪ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ಲಾನಿನಲ್ಲಿ ಅದು ಸೇರಿಲ್ಲ. ಊಟದ ಪೂರ್ತಿ ಬೆಲೆ ಬರೆದ ಬಿಲ್ ಬರುತ್ತದೆ, ಅದರ ಮೇಲೆ 18ರಿಂದ 20 ಪರ್ಸೆಂಟ್ ನೀವು ಕೊಡಬೇಕು. ಆರು ಜನ ಅಥವಾ ಜಾಸ್ತಿ ಇದ್ದರೆ 18 ಪರ್ಸೆಂಟ್ ತಾನಾಗಿಯೇ ಸೇರಿಬಿಡುತ್ತದೆ. ಐದಾರು ರಾತ್ರಿಗೆ ಇದು ಸಣ್ಣ ಮೊತ್ತ ಏನಲ್ಲ. ಆ ಬಿಲ್ಲು ಅಪ್ಪ ಅಮ್ಮನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದೂ ಒಂದು ಕೆಲಸ.

ದುಡ್ಡಿಗಿಂತ ದುಬಾರಿ ಅಂತ ನನಗೆ ಅನ್ನಿಸುವುದು ಸಮಯ. ಟೇಬಲ್ ಊಟಕ್ಕೆ 60 ದಿನ ಮೊದಲೇ ಜಾಗ ಕಾದಿರಿಸಬೇಕು. ಹೆಸರಾದ ಜಾಗಗಳು ಬೇಗ ತುಂಬುತ್ತವೆ. ಎರಡು ತಿಂಗಳಾಚೆಯ ಬುಧವಾರ ಸಂಜೆ 5.40ಕ್ಕೆ ನಾವು ಎಲ್ಲಿರುತ್ತೇವೆ, ಹಸಿವಾಗಿರುತ್ತದಾ ಅನ್ನೋದನ್ನು ಇವತ್ತೇ ಹೇಳಬೇಕು. ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಬರುವುದು ಮಾಮೂಲು. ಅಪ್ಪನಿಗೆ ಊಟದ ಮೇಲೆ ಒಂದು ಗಂಟೆ ಮಲಗಬೇಕು. ಮಗಳು ಒಂದು ಆಟದ ಸಾಲಿನಲ್ಲಿ ನಿಂತು ಇನ್ನೂ ಅರ್ಧ ಗಂಟೆ ಅನ್ನುತ್ತಾಳೆ. ದಿನಾ ಒಂದು ಟೇಬಲ್ ಊಟ ಅಂದರೆ ದಿನಾ ಎರಡು ಗಂಟೆ ಅದಕ್ಕೇ ಮೀಸಲು, ಬಸ್ಸಿನ ಓಡಾಟ ಬೇರೆ. ಹಿರಿಯರಿಗೆ ಎಸಿಯಲ್ಲಿ ಕೂರುವ ಎರಡು ಗಂಟೆ ವರವೇ ಇರಬಹುದು. ಪಾರ್ಕಿನ ಟಿಕೆಟ್ಟಿಗೆ ಅಷ್ಟು ದುಡ್ಡು ಕೊಟ್ಟು ಬಂದ ಮಕ್ಕಳಿಗೆ ಅದು ಶಿಕ್ಷೆ.

ಕಬಿನಿಯ ಜಂಗಲ್ ಲಾಡ್ಜಸ್ ನೆನಪಿಗೆ ಬರುತ್ತದೆ. ರಾಜ್ಯ ಸರ್ಕಾರದ ಈ ಸಂಸ್ಥೆ ಶುರುವಾದದ್ದು 1980ರಲ್ಲಿ. ಅಲ್ಲಿ ರೂಮು, ಊಟ, ಸಫಾರಿ ಎಲ್ಲಾ ಒಂದೇ ದರದಲ್ಲಿ. ಅಲ್ಲಿ ಯಾರಿಗೂ ಊಟದ ಲೆಕ್ಕ ತಲೆಯಲ್ಲಿ ಇರುವುದಿಲ್ಲ. ಕಾಡಿನ ಪಕ್ಕ ಊಟಕ್ಕೆ ಬೇರೆ ಎಲ್ಲಿ ಹೋಗುತ್ತೀರಿ? ಸಫಾರಿ ಮುಗಿಸಿ ಬಂದರೆ ಬಫೆ ಸಿದ್ಧ. ಬೇಕಾದಷ್ಟು ಬಡಿಸಿಕೊಳ್ಳಿ, ಬೇಡವಾದರೆ ಬಿಡಿ. ಎಣಿಸೋಕೆ ಕ್ರೆಡಿಟ್ ಇಲ್ಲ, ಉಳಿಸೋಕೆ ಏನೂ ಇಲ್ಲ. ಮೊದಲೇ ದುಡ್ಡು ಕೊಡುವುದರ ಸುಖ ಪೂರ್ತಿ ಸಿಗುವುದು ಅಂಥ ಕಡೆ. ಡಿಸ್ನಿ ವರ್ಲ್ಡ್‌ನಂಥ ಜಾಗದಲ್ಲಿ, ಹೆಜ್ಜೆಗೊಂದು ತಿನ್ನುವ ಅಂಗಡಿ ಇರುವಾಗ, ಒಂದೊಂದು ಊಟವೂ ಒಂದೊಂದು ನಿರ್ಧಾರ ಆಗಿಬಿಡುತ್ತದೆ.

ಹಾಗಾದರೆ ನಾನೇನು ಮಾಡುತ್ತೇನೆ? ನನಗೆ ಬೇಕಾದದ್ದು ಮೊದಲೇ ದುಡ್ಡು ಕಟ್ಟಿದ ನಿರಾಳ. ಅದು ಕ್ರೆಡಿಟ್ ಇಲ್ಲದೆಯೂ ಸಿಗುತ್ತದೆ. ಇಲ್ಲಿನ ಅಂಗಡಿಗಳಲ್ಲಿ ಡಿಸ್ನಿ ಗಿಫ್ಟ್ ಕಾರ್ಡ್ ಮಾರುತ್ತಾರೆ. ಅದಕ್ಕೆ ಅವಧಿ ಮುಗಿಯುವ ದಿನಾಂಕ ಇಲ್ಲ. ಪಾರ್ಕಿನೊಳಗಿನ ರೆಸ್ಟೋರೆಂಟುಗಳಲ್ಲಿ ನಡೆಯುತ್ತದೆ. ಹೊರಡುವ ಮೊದಲಿನ ತಿಂಗಳುಗಳಲ್ಲಿ ದಿನಸಿ ಸಾಮಾನಿನ ಜೊತೆ ಒಂದೊಂದು ಕಾರ್ಡ್ ಕೊಂಡಿಡುತ್ತೇನೆ. ಊಟದ ಬಜೆಟ್ ಅಷ್ಟು ಹೊತ್ತಿಗೆ ತುಂಬಿರುತ್ತದೆ. ಅಪ್ಪನ ಕೈಗೆ ಒಂದು ಕಾರ್ಡ್ ಕೊಟ್ಟು, ಇದು ನಿಮ್ಮಿಬ್ಬರ ಊಟಕ್ಕೆ ಮಾತ್ರ, ಬೇರೆ ಯಾವುದಕ್ಕೂ ಬಳಸಲ್ಲ ಅನ್ನುತ್ತೇನೆ. ಕಾರ್ಡಿನಲ್ಲಿರುವುದು ಊಟದ ದುಡ್ಡು ಅಂತ ಒಂದು ಸಲ ಮನಸ್ಸಿಗೆ ಬಂದರೆ ಅಪ್ಪ ಗುಣಾಕಾರ ನಿಲ್ಲಿಸುತ್ತಾರೆ. ಮೊದಲ ಊಟಕ್ಕೆ ಒಂದಿಷ್ಟು ಗೊಣಗಾಟ ಇದ್ದೇ ಇರುತ್ತದೆ. ಆಮೇಲೆ ಸರಿಹೋಗುತ್ತದೆ. ಬ್ರೆಡ್ ಸರ್ವಿಸ್ ಬೇಕಾದರೆ ಅದನ್ನೇ ತರಿಸಬಹುದು, ಇನ್ನೇನೂ ಬೇಡವಾದರೆ ಬಿಡಬಹುದು. ಉಳಿದ ದುಡ್ಡು ಕಾರ್ಡಿನಲ್ಲೇ ಇರುತ್ತದೆ.

ಇನ್ನು ಮಧ್ಯಾಹ್ನಕ್ಕೆ ಡಬ್ಬಿ. ಗಾಜಿನ ಪಾತ್ರೆ ಮತ್ತು ಮದ್ಯ ಇಲ್ಲದಿದ್ದರೆ, ಬಿಸಿ ಮಾಡುವ ಅಗತ್ಯ ಇಲ್ಲದ ಊಟವನ್ನು ಡಿಸ್ನಿ ವರ್ಲ್ಡ್ ಪಾರ್ಕಿನೊಳಗೆ ಬಿಡುತ್ತದೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಅಡುಗೆಮನೆ ಇರುವ ವಿಲ್ಲಾ ಸಿಕ್ಕರೆ ಬೆಳಗ್ಗೆ ಪುಳಿಯೋಗರೆ ಕಲಸಿಕೊಂಡು ಹೊರಡಬಹುದು, ಜೊತೆಗೆ ಊರಿಂದ ತಂದ ಚಕ್ಕುಲಿ. ಮರದ ನೆರಳಿನ ಬೆಂಚಿನಲ್ಲಿ ಕೂತು ಡಬ್ಬಿ ತೆಗೆದರೆ ಅಮ್ಮ ಯಾರ ಹತ್ತಿರವೂ ಹಸಿವಿಲ್ಲ ಅನ್ನುವುದಿಲ್ಲ. ದಿನಕ್ಕೊಂದು ಊಟ ಹೀಗಾದರೆ ರಾತ್ರಿಯ ಒಂದು ಒಳ್ಳೆಯ ಊಟಕ್ಕೆ ಧಾರಾಳವಾಗಿ ಖರ್ಚು ಮಾಡಬಹುದು.

ಚಿಕ್ಕ ಮಕ್ಕಳಿರುವವರು, ಮಾಂಸಾಹಾರ ತಿನ್ನುವವರು ನನ್ನ ಲೆಕ್ಕವನ್ನು ತಮ್ಮದೆಂದು ಹಿಡಿಯಬೇಡಿ. ಅದರಲ್ಲೂ 2026ರ ವಾಸಕ್ಕೆ, ದೊಡ್ಡವರು ಪ್ಯಾಕೇಜಿನ ಜೊತೆ ಪ್ಲಾನ್ ಕೊಂಡರೆ ಮೂರರಿಂದ ಒಂಬತ್ತರ ಮಕ್ಕಳಿಗೆ ಪ್ಲಾನ್ ಉಚಿತ ಅಂತ ಡಿಸ್ನಿ ಪ್ರಕಟಿಸಿದೆ. ಅಂಥ ಮಕ್ಕಳಿಬ್ಬರು ಮನೆಯಲ್ಲಿದ್ದು, ಮಿಕ್ಕಿ ಜೊತೆ ಊಟ ಬೇಕೇ ಬೇಕು ಅಂತ ಹಟ ಹಿಡಿದಿದ್ದರೆ, ತಗೊಳ್ಳಿ ಅಂತಲೇ ಹೇಳುತ್ತೇನೆ. ಯಾವ ಯಾವ ಊಟ ಬೇಕು ಅಂತ ಮೊದಲು ಪಟ್ಟಿ ಮಾಡಿಕೊಳ್ಳಿ. 60 ದಿನ ಮೊದಲಿನ ಆ ಬೆಳಗ್ಗೆ ಬೇಗ ಎದ್ದು ಎಲ್ಲಕ್ಕೂ ಜಾಗ ಕಾದಿರಿಸಿ. ಟೇಬಲ್ ಸಿಗದಿದ್ದರೆ ಕ್ರೆಡಿಟ್ ಇದ್ದೂ ಉಪಯೋಗವಿಲ್ಲ.